ನೆರಳಿನ ಸೀಮೆ, ಬಿಸಿಲಿನ ಸೀಮೆ

ಮಲಗಲು, ಅಡುಗೆ ಮಾಡಲು ಅನುಕೂಲವಿರುವ ಕ್ಯಾರವಾನ್‌ನಲ್ಲಿ ದಾವಣಗೆರೆ ಜಿಲ್ಲೆ ಸುತ್ತಲು ಹೊರಟವರು ಮೊದಲು ಹುಡುಕುವುದು ನೆರಳನ್ನು. ಚನ್ನಗಿರಿಯಲ್ಲಿ ಅದಕ್ಕೇನು ಬರ? ಶಾಂತಿಸಾಗರದ ಕೆರೆ ನೋಡಿಕೊಂಡು ಅಡಿಕೆ ತೋಟದ ಮಗ್ಗುಲಲ್ಲಿ ಗಾಡಿ ನಿಲ್ಲಿಸಿದರೆ ಹಿತವಾದ ತಂಪು. ಆದರೆ ಚಾವಣಿಯ ಮೇಲಿನ ಸೋಲಾರ್ ಪ್ಯಾನೆಲ್‌ಗೆ ಉಪವಾಸ! ಒಂದು ಮೂಲೆಗೆ ನೆರಳು ಬಿದ್ದರೂ ವಿದ್ಯುತ್ ಬಹಳಷ್ಟು ಇಳಿಯುತ್ತದೆ.

ಲೆಕ್ಕವನ್ನು ಮಕ್ಕಳೇ ಮಾಡಬಹುದು. 12 ವೋಲ್ಟ್, 100 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿರುವುದು 1200 ವಾಟ್-ಗಂಟೆ. ಸೀಸ-ಆಮ್ಲದ ಬ್ಯಾಟರಿಯಾದರೆ ಅರ್ಧದಷ್ಟೇ ಬಳಸಬೇಕು. ಪದೇ ಪದೇ ಬರಿದಾದರೆ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಅದರ ಆಯುಸ್ಸು ಕುಗ್ಗುತ್ತದೆ. ಕೈಗೆ ಸಿಕ್ಕಿದ್ದು 600. 30 ವಾಟಿನ ಫ್ಯಾನು 8 ಗಂಟೆ ತಿರುಗಿದರೆ 240, 10 ವಾಟಿನ ಎರಡು ದೀಪ 5 ಗಂಟೆ ಉರಿದರೆ 100. ಎರಡನೆಯ ರಾತ್ರಿ ಕಳೆಯುವ ಮುನ್ನವೇ ಗಂಟು ಖಾಲಿ. 1500 ವಾಟಿನ ಇಂಡಕ್ಷನ್ ಒಲೆಗೆ ಅಷ್ಟೂ ಸುರಿದರೂ ಅರ್ಧ ಗಂಟೆಗೆ ಸಾಲದು. ಅನ್ನಕ್ಕೆ ಗ್ಯಾಸೇ ಸರಿ.

ಹೊನ್ನಾಳಿಯಲ್ಲಿ ತುಂಗಭದ್ರೆಯನ್ನು ಕಂಡು ನ್ಯಾಮತಿ ತಾಲ್ಲೂಕಿನ ತೀರ್ಥರಾಮೇಶ್ವರಕ್ಕೆ ಹೋಗುವಾಗ ಎಂಜಿನ್ನಿನ ಆಲ್ಟರ್ನೇಟರ್ ಬ್ಯಾಟರಿಯನ್ನು ಕೊಂಚ ತುಂಬಿಸುತ್ತದೆ. ದಾರಿ ಹತ್ತಿರ, ತುಂಬುವುದೂ ಅಷ್ಟಕ್ಕಷ್ಟೇ.

ಕೊನೆಗೆ ಜಗಳೂರು, ಮಳೆಯಿಲ್ಲದ ಸೀಮೆಯೆಂದು ಜನ ಮೂಗು ಮುರಿಯುವ ಕಡೆ. ಕೊಂಡುಕುರಿಗಳಿರುವ ರಂಗಯ್ಯನದುರ್ಗದ ಕಾಡಿನ ಹೊರಗೆ, ಬಯಲಿನಲ್ಲಿ ನಿಲ್ಲಿಸಿದರೆ 200 ವಾಟಿನ ಪ್ಯಾನೆಲ್ ಬೇಸಿಗೆಯ ಒಂದೇ ಹಗಲಿನಲ್ಲಿ ಸುಮಾರು 800 ವಾಟ್-ಗಂಟೆ ಕೊಟ್ಟೀತು. ಗಾಡಿಯೊಳಗೆ ಕೂರಲಾಗದ ಸೆಕೆ, ನಿಜ. ಗಾಡಿ ಬಿಸಿಲಲ್ಲಿರಲಿ, ಚಾಪೆ ಬೇವಿನ ಮರದಡಿ ಹಾಸಿದರಾಯಿತು.