ಹೂವೋ, ಎಲೆಯೋ?

ಜಪಾನಿಗೆ ತಿಂಗಳುಗಟ್ಟಲೆ ಸುತ್ತಲು ಹೊರಟವರೆಲ್ಲ ಕೇಳುವುದು ಒಂದೇ: ಚೆರ್ರಿ ಅರಳುವ ಕಾಲಕ್ಕೋ, ಮೇಪಲ್ ಕೆಂಪಾಗುವ ಕಾಲಕ್ಕೋ? ನನ್ನ ಓಟು ಎಲೆಗೆ. ಚೆರ್ರಿ ಒಂದೂರಲ್ಲಿ ಪೂರ್ತಿ ಅರಳಿ ನಿಲ್ಲುವುದು ಹೆಚ್ಚೆಂದರೆ ಒಂದು ವಾರ. ನಡುವೆ ಜೋರು ಮಳೆ ಬಂತೋ, ಎಸಳೆಲ್ಲ ಚರಂಡಿ ಪಾಲು. ಅದರ ಬೆನ್ನಿಗೇ ಏಪ್ರಿಲ್ ಕೊನೆಯ ಗೋಲ್ಡನ್ ವೀಕ್ ರಜೆ. ಇಡೀ ದೇಶವೇ ರೈಲು ಹತ್ತಿರುತ್ತದೆ, ರೂಮು ಸಿಗುವುದು ಅಷ್ಟಕ್ಕಷ್ಟೇ.

ಎಲೆಗಳಿಗೆ ಇಂಥ ಅವಸರವಿಲ್ಲ. ಸೆಪ್ಟೆಂಬರ್ ನಡುವೆ ಹೊಕ್ಕೈಡೊದ ದೈಸೆತ್ಸುಝಾನ್ ಬೆಟ್ಟಗಳಲ್ಲಿ ಶುರುವಾದ ಬಣ್ಣ ನಿಧಾನಕ್ಕೆ ದಕ್ಷಿಣಕ್ಕಿಳಿದು ಕ್ಯೋಟೊ ಮುಟ್ಟುವ ಹೊತ್ತಿಗೆ ನವೆಂಬರ್ ಕೊನೆ. ಒಂದೂರಲ್ಲಿ ತಪ್ಪಿದ್ದನ್ನು ಮುಂದಿನೂರಲ್ಲಿ ಹಿಡಿಯಬಹುದು.

ತಕರಾರೊಂದಿದೆ: ಆಗ ಕ್ಯೋಟೊದಲ್ಲಿ 5 ಗಂಟೆಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ, ದೇವಾಲಯಗಳೂ ಹೆಚ್ಚುಕಡಿಮೆ ಅಷ್ಟೊತ್ತಿಗೇ ಬಾಗಿಲು ಹಾಕುತ್ತವೆ. ಏಕಾನ್‌ದೊ ಥರದ ಕೆಲವು ಕಡೆ ಮಾತ್ರ ರಾತ್ರಿ ಮರಗಳಿಗೆ ದೀಪ ಹಾಕಿ ಮತ್ತೆ ಒಳಗೆ ಬಿಡುತ್ತಾರೆ. ಅದಕ್ಕೆ ಬೇರೆ ಟಿಕೆಟ್ಟು, ಬಿಡಿ!

ಮಕ್ಕಳ ದಸರಾ ರಜೆ ನಂಬಿಕೊಂಡವರಿಗೆ ಕ್ಯೋಟೊ ಇನ್ನೂ ಹಸಿರೇ. ಅವರು ಅಕ್ಟೋಬರಿನಲ್ಲಿ ನಿಕ್ಕೊದ ಚೂಜೆಂಜಿ ಸರೋವರದ ಕಡೆ ಹೋಗಲಿ. ಎತ್ತರದ ಜಾಗ, ಬೇಗ ಕೆಂಪಾಗುತ್ತದೆ. ಚಳಿಯೂ ಬೇಗ, ಸ್ವೆಟರ್ ಮರೀಬೇಡಿ.