ಮಾಟುಂಗಾದ ಶನಿವಾರ

ಮುಂಬೈ ಕನ್ನಡಿಗರಿಗೆ ಮಾಟುಂಗಾಕ್ಕೆ ಹೋಗಲು ದೊಡ್ಡ ಕಾರಣವೇನೂ ಬೇಕಿಲ್ಲ. ಬಾಳೆಎಲೆ, ಬ್ಯಾಡಗಿ ಮೆಣಸಿನಕಾಯಿ, ಕಾಫಿಪುಡಿ, ಮಂಗಳೂರು ಸೌತೆಕಾಯಿ ಇವುಗಳಲ್ಲಿ ಯಾವುದಾದರೊಂದು ಮನೆಯಲ್ಲಿ ಮುಗಿದಿದ್ದರೆ ಸಾಕು. ನನಗೆ ಎರಡು ವರ್ಷದಿಂದ ಇನ್ನೊಂದು ಕಾರಣವೂ ಇದೆ. ನಾನು ಸೇರಿರುವ ಜಿಮ್ ಇರುವುದು ಫೈವ್ ಗಾರ್ಡನ್ಸ್ ಹತ್ತಿರ. ಶನಿವಾರ ಬೆಳಿಗ್ಗೆ ಆರೂವರೆಯ ಬ್ಯಾಚ್ ಮುಗಿಸಿ, ನಡುಗುವ ಕಾಲುಗಳಲ್ಲೇ ಮಾರುಕಟ್ಟೆಯ ಕಡೆ ನಡೆಯುತ್ತೇನೆ.

ಆ ನಡಿಗೆಯೇ ಒಂದು ಸುಖ. ರಸ್ತೆಗಳು ಅಗಲ, ಎರಡೂ ಬದಿ ಹಳೆಯ ಮರಗಳು, ಹೆಚ್ಚು ಎತ್ತರವಿಲ್ಲದ ಹಳೆಯ ಕಟ್ಟಡಗಳು. ಮುಂಬೈಯಲ್ಲಿ ಇದೆಲ್ಲ ತಾನಾಗಿ ಆಗುವಂಥದ್ದಲ್ಲ. 1896ರ ಪ್ಲೇಗ್ ಊರನ್ನು ನಡುಗಿಸಿದ ಮೇಲೆ 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಗಾಳಿ ಬೆಳಕು ಬರಬೇಕೆಂದು ಅದು ಯೋಜನೆ ಹಾಕಿ ಕಟ್ಟಿಸಿದ ಬಡಾವಣೆಗಳು ದಾದರ್, ಮಾಟುಂಗಾ. ಆಮೇಲೆ ದಕ್ಷಿಣದಿಂದ ಗುಮಾಸ್ತಿಕೆಗೆ, ಟೈಪಿಂಗಿಗೆ, ಹೋಟೆಲ್ ಕೆಲಸಕ್ಕೆ ಬಂದವರು ಇಲ್ಲಿ ನೆಲೆ ನಿಂತರು. ಮಹೇಶ್ವರಿ ಉದ್ಯಾನ ದಾಟಿ ಭಾವು ದಾಜಿ ರಸ್ತೆಗೆ ತಿರುಗಿದರೆ ಮೈಸೂರು ಅಸೋಸಿಯೇಷನ್. ಅದು ಶುರುವಾದದ್ದು 1926ರಲ್ಲಿ. ಸ್ಟೇಷನ್ ಹತ್ತಿರ ಮಹಡಿಯ ಮೇಲಿರುವ ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರದ್ದು. ಕೆಲಸ ಹುಡುಕಿಕೊಂಡು ಒಂಟಿಯಾಗಿ ಬಂದವರಿಗೆ ಮನೆಯೂಟ ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆಗೆ ಆಗಿನ ಉತ್ತರ ಇಂಥ ಬೋರ್ಡಿಂಗುಗಳು.

ನನ್ನ ಪ್ರಶ್ನೆ ಸ್ವಲ್ಪ ಬೇರೆ. ಕಂಪನಿಯ ವಾರ್ಷಿಕ ತಪಾಸಣೆಯಲ್ಲಿ ಎಚ್‌ಬಿಎ1ಸಿ 6.1 ಬಂತು. 5.7ರಿಂದ 6.4 ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ನಮ್ಮ ಮನೆಯಲ್ಲಿ ಅಪ್ಪ, ದೊಡ್ಡಪ್ಪ ಇಬ್ಬರೂ ಆ ಹೊಸ್ತಿಲು ದಾಟಿದವರೇ. ಜಿಮ್ಮಿನ ಮರಾಠಿ ಹುಡುಗ ಚಾರ್ಟ್ ನೋಡಿ ‘ಭಾತ್ ಬಂದ್ ಕರಾ’ ಎಂದುಬಿಟ್ಟ. ಅನ್ನ ನಿಲ್ಲಿಸಿ ಅಂತ ಅಷ್ಟು ಸಲೀಸಾಗಿ! ಅನ್ನ ಬಿಟ್ಟರೆ ಸಾರು ಯಾತಕ್ಕೆ, ಸಾರು ಬಿಟ್ಟರೆ ನಾನು ಅಮ್ಮನ ಹತ್ತಿರ ಫೋನಿನಲ್ಲಿ ಏನು ಮಾತಾಡಲಿ?

ಇದಕ್ಕೆ ದಾರಿ ತೋರಿಸಿದ್ದು ನಮ್ಮ ವಾಟ್ಸಾಪ್ ಗುಂಪು. 2020ರ ಲಾಕ್‌ಡೌನಿನಲ್ಲಿ ಅಡುಗೆ ಫೋಟೋ ಹಾಕುತ್ತಾ ಸೇರಿಕೊಂಡ ಎಂಟು ಜನ ನಾವು. ಒಬ್ಬರನ್ನೊಬ್ಬರು ನೋಡಿದವರಲ್ಲ. ಊರಿನ ಹೆಸರೇ ಕರೆಯುವ ಹೆಸರು: ಪುಣೆಯೋರು, ಹೈದರಾಬಾದೋರು, ದೆಹಲಿಯೋರು. ನಾನು ಮುಂಬೈಯೋರು. ಫಾರ್ವರ್ಡ್ ಇಲ್ಲ, ರಾಜಕೀಯ ಇಲ್ಲ, ಆಫೀಸಿನ ಗೋಳಿಲ್ಲ. ಬೆಳಗಿನ ಶುಭಾಶಯದ ಗುಲಾಬಿ ಹಾಕಿದವರಿಗೆ ಒಂದು ವಾರ ಯಾರೂ ಉತ್ತರ ಕೊಡುವುದಿಲ್ಲ.

ನಾನು ಚಾರ್ಟಿನ ಫೋಟೋ ಹಾಕಿದ ದಿನ ದೆಹಲಿಯೋರು ಬರೆದರು: ‘ಹುರಳಿ ಯಾಕೆ ಮರೆತಿರಿ?’ ನೂರು ಗ್ರಾಂ ಹುರಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ, ಹೆಸರುಬೇಳೆಯಲ್ಲಿ ಸುಮಾರು 24. ಹುರಳಿ ಬೇಯಿಸಿ ಬಸಿದ ಕಟ್ಟಿನಲ್ಲಿ ಸಾರು, ಉಳಿದ ಕಾಳಿನಲ್ಲಿ ಪಲ್ಯ. ಅನ್ನ ಒಂದು ಸೌಟಿಗೆ ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ. ‘ಕುದುರೆ ಯಾವ ಜಿಮ್ಮಿಗೆ ಹೋಗಿತ್ತು?’ ಎಂದು ಪುಣೆಯೋರು ಕೇಳಿದರು. ಆವತ್ತಿನಿಂದ ನನಗೆ ಕುದುರೆ ಚಿತ್ರವೇ ಉತ್ತರ. ಸ್ಕ್ವಾಟ್ ಹೆಚ್ಚಾಯಿತೆಂದರೆ ಕುದುರೆ, ಕೋಸಂಬರಿ ಮಾಡಿದರೆ ಎರಡು ಕುದುರೆ. ಹೀಗೆ ಶನಿವಾರದ ಪಟ್ಟಿಯಲ್ಲಿ ಹುರಳಿ ಸೇರಿತು. ಭಾನುವಾರ ಕುಕ್ಕರ್ ಮೂರು ಸಲ ಏರುತ್ತದೆ, ಬುಧವಾರದ ತನಕ ಅಡುಗೆಯ ಚಿಂತೆ ಇಲ್ಲ. ಗುರುವಾರದಿಂದ ನಾನೂ ಎಲ್ಲರಂತೆ ಆ್ಯಪ್‌ನಲ್ಲಿ ತರಿಸುವವಳೇ, ಅದನ್ನು ಇಲ್ಲಿ ವಿವರಿಸಬೇಕಿಲ್ಲ.

ಕಳೆದ ವರ್ಷ ಮಳೆ ಶುರುವಾಗುವ ಹೊತ್ತಿಗೆ ದೆಹಲಿಯೋರು ನನಗೆ ಮಾತ್ರ ಮೆಸೇಜ್ ಹಾಕಿದರು. ಮುಂಬೈಗೆ ಬಂದಿದ್ದೇನೆ, ಶನಿವಾರ ಮಾಟುಂಗಾದಲ್ಲಿ ಸಿಗುತ್ತೀರಾ ಅಂತ. ಬೋರ್ಡಿಂಗಿನ ಮೆಟ್ಟಿಲ ಹತ್ತಿರ ನಿಂತಿದ್ದವರು ಐವತ್ತು ದಾಟಿದ, ಹತ್ತಿ ಸೀರೆಯ ಹೆಂಗಸು. ನಾನು ಮನಸ್ಸಿನಲ್ಲಿ ಇಪ್ಪತ್ತೈದರ ತರಲೆ ಹುಡುಗಿಯನ್ನು ಇಟ್ಟುಕೊಂಡಿದ್ದೆ. ಎಲೆಯ ಮುಂದೆ ಕೂತ ಮೇಲೆ ಇಬ್ಬರಿಗೂ ಮಾತು ಬರಲಿಲ್ಲ. ಪರದೆಯ ಮೇಲೆ ಅಷ್ಟು ಹರಟೆ ಹೊಡೆದವರು ‘ಪಲ್ಯ ಚೆನ್ನಾಗಿದೆ ಅಲ್ವಾ’ ಎಂದು ಮೂರು ಸಲ ಹೇಳಿಕೊಂಡೆವು.

‘ಏನು ಕೆಲಸದ ಮೇಲೆ ಬಂದಿರಿ?’ ಎಂದೆ.

‘ಪರೇಲ್‌ನಲ್ಲಿ ಕೆಲಸ.’

ಪರಊರಿನವರು ಪರೇಲ್ ಎಂದರೆ ಮುಂಬೈಯವರು ಮುಂದೆ ಕೇಳುವುದಿಲ್ಲ. ಟಾಟಾ ಸ್ಮಾರಕ ಆಸ್ಪತ್ರೆ ಇರುವುದು ಅಲ್ಲಿ. ಅವರೇ ಹೇಳಿದರು. ಯಜಮಾನರಿಗೆ ಮೂರನೇ ಸುತ್ತಿನ ಕೀಮೋ. ಬಾಯೆಲ್ಲ ಹುಣ್ಣು, ಖಾರ ತಾಗಿಸುವಂತಿಲ್ಲ. ಮೆತ್ತಗಿನ ಅನ್ನಕ್ಕೆ ಮೆಣಸಿನಕಾಯಿ ಹಾಕದ ಸೌತೆಕಾಯಿ ಮಜ್ಜಿಗೆಹುಳಿ ಕಲಸಿ ಕೊಟ್ಟರೆ ನಾಲ್ಕು ತುತ್ತು ಹೋಗುತ್ತದೆ. ಬಾಡಿಗೆ ಕೋಣೆಯಲ್ಲಿ ಒಂದೇ ಒಲೆ, ಒಂದೇ ಪಾತ್ರೆ. ಕುದುರೆಗಳನ್ನೆಲ್ಲ ಕಳಿಸಿದ್ದು ಆಸ್ಪತ್ರೆಯ ಸರದಿಯಲ್ಲಿ ಕೂತು.

‘ಗುಂಪಿನಲ್ಲಿ ಹೇಳೋಣವಾ? ಎಲ್ಲರೂ...’ ಎಂದು ಶುರು ಮಾಡಿದೆ.

‘ಬೇಡ ಮಾರಾಯ್ತಿ. ನೆಂಟರು, ಅಕ್ಕಪಕ್ಕದವರು ಎಲ್ಲರೂ ಈಗ ನನ್ನ ಹತ್ತಿರ ದನಿ ತಗ್ಗಿಸಿ ಮಾತಾಡ್ತಾರೆ. ಅಲ್ಲಿ ಒಂದು ಕಡೆಯಾದರೂ ಯಾರೂ ತಗ್ಗಿಸೋದು ಬೇಡ.’

(ಈಗ ಗುಂಪಿಗೆ ವಿಷಯ ಗೊತ್ತು, ಅವರೇ ತಿಳಿಸಿದರು. ಬರೆಯಲು ಒಪ್ಪಿಗೆಯನ್ನೂ ಕೊಟ್ಟಿದ್ದಾರೆ. ಅವರ ಊರನ್ನು ಮಾತ್ರ ಬದಲಿಸಿದ್ದೇನೆ.)

ಊಟ ಮುಗಿಸಿ ಮಾರುಕಟ್ಟೆಗೆ ಇಳಿದೆವು. ಅಂಗಡಿಯವನು ಸೌತೆಕಾಯಿ ಮುಂದಿಟ್ಟರೆ ಅವರು ಒಂದೊಂದನ್ನೂ ಬೆರಳಿನಿಂದ ತಟ್ಟಿ, ತಿರುಗಿಸಿ, ಗೀರು ನೋಡಿ ಬೇಡವೆಂದರು. ಅರ್ಧ ಹಿಂದಿ, ಅರ್ಧ ತಮಿಳಿನಲ್ಲಿ ಹತ್ತು ರೂಪಾಯಿಗೆ ಜಗಳ ಆಯಿತು. ಕೊನೆಗೆ ಒಂದು ಜುಡಿ ಕೊತ್ತಂಬರಿಯನ್ನು ಪುಕ್ಕಟೆ ಕೀಳಿಸಿಕೊಂಡರು. ಆ ಹೊತ್ತಿಗೆ ನನ್ನ ಪಕ್ಕದಲ್ಲಿದ್ದವರು ಅದೇ ಹಳೆಯ ದೆಹಲಿಯೋರು. ಪರೇಲಿಗೆ ಟ್ಯಾಕ್ಸಿ ಹತ್ತಿಸಿದೆ. ಪರ್ಸ್ ತೆಗೆಯಲೂ ಬಿಡಲಿಲ್ಲ, ಮನೆಗೆ ಕರೆದರೆ ಬರಲೂ ಒಪ್ಪಲಿಲ್ಲ. ‘ಸ್ಟೀಲ್ ಡಬ್ಬಿ ಇದ್ದರೆ ಎರಡು ಕೊಡಿ, ಸಾಕು’ ಎಂದರು. ಸೋಮವಾರ ಆಫೀಸಿಗೆ ಹೋಗುವ ದಾರಿಯಲ್ಲಿ ಕೊಟ್ಟೆ, ಒಂದರಲ್ಲಿ ಸಪ್ಪೆ ತೊವ್ವೆ ತುಂಬಿ.

ಆ ಶನಿವಾರ ಸಂಜೆಯೇ ಗುಂಪಿನಲ್ಲಿ ಅವರ ಫೋಟೋ ಬಂತು. ಮುಖ ಇಲ್ಲ, ಎರಡು ಕೈ ಮಾತ್ರ, ಒಂದೊಂದು ಕೈಯಲ್ಲಿ ಒಂದೊಂದು ಸೌತೆಕಾಯಿ ಡಂಬೆಲ್ ಹಿಡಿದ ಹಾಗೆ. ‘ಮುಂಬೈಯೋರ ಟ್ರೇನರ್‌ಗೆ ತೋರಿಸಿ, ಎರಡು ಕಿಲೋ ಎತ್ತಿದೆ.’

ಪುಣೆಯೋರು: ‘ಮೂರು ಸೆಟ್ ಆಗಲಿ.’

ಹೈದರಾಬಾದೋರು: ‘ಸೆಟ್ ಮುಗಿದ ಮೇಲೆ ಹುಳಿ ಮಾಡಿ.’

ನಾನು ಸ್ವಲ್ಪ ಹೊತ್ತು ಫೋನ್ ಹಿಡಿದು ಕೂತಿದ್ದು, ‘ಬೆನ್ನು ನೇರ ಇರಲಿ’ ಎಂದು ಟೈಪ್ ಮಾಡಿ, ಜೊತೆಗೆ ಒಂದು ಕುದುರೆ ಕಳಿಸಿದೆ.