ಅಂಬಾಸಿಡರ್ ಮತ್ತು ಘಾಟಿಯ ಗಾಳಿ

ಕೂಕಲ್ತೊರೈಗೆ ಹೋಗಲು ಮೇಟ್ಟುಪಾಳ್ಯದಲ್ಲಿ ನಾವು ಹತ್ತಿದ್ದು ಹಳೆಯ 1489 ಸಿಸಿ ಅಂಬಾಸಿಡರ್. ತಿರುವುಗಳಲ್ಲಿ ಏದುಸಿರು, ಹಿಂದೆ ಕಪ್ಪು ಹೊಗೆ. ಸಾಲ ಮಾಡಿ ಕ್ಯಾಮ್‌ಶಾಫ್ಟ್ ಬದಲಿಸಿ ಇಂಜೆಕ್ಷನ್ ಹಾಕಿಸಲೇ ಎಂದು ಚಾಲಕರು ಕೇಳಿದರು. ಅವರದು ಬಡಗ, ನನ್ನದು ಕನ್ನಡ, ಮಾತಿಗೇನೂ ತೊಂದರೆಯಾಗಲಿಲ್ಲ. ಆ ಗಾಡಿಯೇ ಅವರ ಅನ್ನ, ಸುಮ್ಮನೆ ಹೂಂ ಎನ್ನುವಂತಿರಲಿಲ್ಲ.

ಮಕ್ಕಳಿಗೆ ಹೇಳುವ ವಾಯುಭಾರದ ಪಾಠವೇ ಇದು. 2000 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಸುಮಾರು ಶೇ. 82. ಕಾರ್ಬುರೇಟರಿನ ಜೆಟ್ಟಿನ ತೂತಿಗೆ ಅದು ಗೊತ್ತಿಲ್ಲ. ಪೆಟ್ರೋಲ್ ಹೆಚ್ಚಾಗಿ ಹೊಗೆ ಬರುತ್ತದೆ. ಸಣ್ಣ ಜೆಟ್ ಹಾಕಿದರೆ ಮೇಲೆ ಸರಿ, ಬಯಲಿಗಿಳಿದಾಗ ಪೆಟ್ರೋಲ್ ಸಾಲದೆ ಎಂಜಿನ್ ಕಾಯುತ್ತದೆ. ದಿನಾ ಹತ್ತಿಳಿಯುವವರಿಗೆ ಇಂಜೆಕ್ಷನ್ನೇ ವಾಸಿ: ಅದರ ಸೆನ್ಸರ್ ಒತ್ತಡ ಅಳೆದು ಅಷ್ಟಕ್ಕೇ ಪೆಟ್ರೋಲ್ ಬಿಡುತ್ತದೆ.

ಕ್ಯಾಮ್ ಮಾತ್ರ ಬೇಡ ಎಂದೆ. ವಾಲ್ವನ್ನು ಹೆಚ್ಚು ಹೊತ್ತು ತೆರೆದಿಡುವ ರೇಸಿನ ಕ್ಯಾಮ್ ಬಲ ಕೊಡುವುದು ಎಂಜಿನ್ ಜೋರಾಗಿ ತಿರುಗುವಾಗ. ಘಾಟಿಗೆ ಬೇಕಾದದ್ದು ನಿಧಾನದ ಎಳೆತ. ಜೊತೆಗೆ ಗಾಡಿ ನಿಂತು ಎಂಜಿನ್ ತಿರುಗುವಾಗ ಒಳಗಿನ ಒತ್ತಡ ಏರಿಳಿದು ಸೆನ್ಸರಿಗೂ ಗೊಂದಲ. ಪೆಟ್ರೋಲಿನ ಲೆಕ್ಕವನ್ನೆಲ್ಲ ಹೊಸದಾಗಿ ಕೂರಿಸಬೇಕು. ಅದಕ್ಕೆ ಕೊಡುವ ದುಡ್ಡಿನಲ್ಲಿ ಎರಡು ಟಯರು ಬರುತ್ತವೆ.